ಊಟದ ನಂತರದ ತಾಯ್ವೊ

ತಾಯ್ವೊನ ಪಾಡು ಕೆಟ್ಟದ್ದು ಒಂದು ಅಲ್ಪವಿರಾಮದಿಂದ. ಊಟ ಮುಗಿಸಿ ಬಂದು ಕುರ್ಚಿ ಎಳೆದುಕೊಂಡು, ಎದುರಿಗೆ ಕೂತ ಮುದುಕರ ಹೆಸರು ಒತ್ತಿ, ಹೆಸರಿನ ಮುಂದೆ ಅಲ್ಪವಿರಾಮ ಹಾಕಿದ. ಹಾಕಿದ್ದೇನೋ ಸರಿಯಾಗಿಯೇ. ಆದರೆ ಹಾಕುವ ಮೊದಲು ಬೆರಳು ಕೊಂಚ ತಡೆಯಿತು. ಅಷ್ಟಕ್ಕೇ ಕಂಪ್ಯೂಟರಿನ ಪರದೆ ಹಳದಿಗೆ ತಿರುಗಿ, ನಟ್ಟನಡುವೆ ದಪ್ಪಕ್ಷರದಲ್ಲಿ ಬರೆಯಿತು: 'ನೀವು ತಾಯ್ವೊ ಅಲ್ಲ.'

"ಮತ್ತಿನ್ಯಾರು ನಾನು?" ಎಂದು ತಾಯ್ವೊ ಪರದೆಯನ್ನೇ ಕೇಳಿದ.

ಇಬಾದಾನ್ ಊರಿನ ಆ ಪಿಂಚಣಿ ಕಚೇರಿಯಲ್ಲಿ ಮೊದಲು ಈ ಕಾಟ ಇರಲಿಲ್ಲ. ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಹೊಡೆದರೆ ಸಂಜೆಯವರೆಗೆ ನೀವು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಅಲ್ಲಿನ ಗುಮಾಸ್ತ ರಫಿಯು ತನ್ನ ಪಾಸ್‌ವರ್ಡ್ ಮರೆತುಹೋದೀತೆಂದು ಕಿಟಕಿಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಅದನ್ನು ನೋಡಿದ ಯಾರೋ ಪುಣ್ಯಾತ್ಮರು ಎಂದೋ ಮಣ್ಣಾದ ಮುದುಕರನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಪಿಂಚಣಿ ಪಟ್ಟಿಯ ಮೇಲೆ ಬದುಕಿಸಿ ಹೋದರು. ಆಮೇಲೆ ಈ ಹೊಸ ಏರ್ಪಾಡು ಬಂತು. ಇದು ಬಾಗಿಲಲ್ಲಿ ಒಮ್ಮೆ ಮುಖ ನೋಡಿ ಒಳಗೆ ಬಿಟ್ಟು ಸುಮ್ಮನಾಗುವುದಲ್ಲ, ದಿನವಿಡೀ ನೋಡುತ್ತಲೇ ಇರುತ್ತದೆ. ಕ್ಯಾಮೆರಾ ಮುಖವನ್ನು ನೋಡುತ್ತದೆ. ಕೀಲಿಗಳು ಬೆರಳಿನ ಓಟವನ್ನು ನೋಡುತ್ತವೆ: ಎಲ್ಲಿ ಓಡುತ್ತೀರಿ, ಎಲ್ಲಿ ತಡವರಿಸುತ್ತೀರಿ, ಮೌಸನ್ನು ನೇರ ಎಳೆಯುತ್ತೀರೋ ಸೊಟ್ಟ ಎಳೆಯುತ್ತೀರೋ. ಕಚೇರಿಯವರು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟರು. ಒಂದು ಸುಖವೆಂದರೆ ಏನನ್ನೂ ನೆನಪಿಟ್ಟುಕೊಳ್ಳಬೇಕಿರಲಿಲ್ಲ. ಅದನ್ನು ತಂದು ಕೂರಿಸಿದವರು ಗೋಡೆಗೊಂದು ಬಣ್ಣದ ಕಾಗದವನ್ನೂ ಅಂಟಿಸಿ ಹೋಗಿದ್ದರು: 'ನೀವು ನೀವಾಗಿರಿ, ಅಷ್ಟೇ ಸಾಕು.'

ತಾಯ್ವೊಗೆ ಸಾಧ್ಯವಿಲ್ಲದ್ದು ಅದೊಂದೇ. ಏಕೆಂದರೆ ಆ ಕಚೇರಿಯಲ್ಲಿ ತಾಯ್ವೊ ಎಂಬುವರು ಇಬ್ಬರಿದ್ದರು.

ಆ ಸೀಮೆಯಲ್ಲಿ ಅವಳಿಗಳಿಗೆ ಹೆಸರು ಹುಟ್ಟುವಾಗಲೇ ಗೊತ್ತು: ಮೊದಲು ಹೊರಬಂದು ಲೋಕದ ರುಚಿ ನೋಡಿದವನು ತಾಯ್ವೊ, ಆಮೇಲೆ ಬಂದವನು ಕೆಹಿಂದೆ. ಕನ್ನಡದ ಕಿವಿಗೆ ಆ ಹೆಸರಿನಲ್ಲೇ 'ಹಿಂದೆ' ಕೇಳಿಸುತ್ತದೆ, ಅವರ ಮಾತಿನಲ್ಲೂ ಅರ್ಥ ಹೆಚ್ಚುಕಡಿಮೆ ಅದೇ. ಆದರೆ ಅಲ್ಲಿ ಹಿಂದೆ ಬಂದವನೇ ಅಣ್ಣ. ಹೊರಗೆ ಹೇಗಿದೆ ನೋಡಿ ಬಾ ಎಂದು ತಮ್ಮನನ್ನು ಮುಂದೆ ಅಟ್ಟಿದವನು ಅವನೇ ತಾನೆ. ಈ ಅವಳಿಗಳಲ್ಲಿ ಓದಿದ್ದು ಇಬ್ಬರೂ, ಕೆಲಸ ಸಿಕ್ಕಿದ್ದು ಒಂದು, ಅದೂ ತಾಯ್ವೊಗೆ. ಆದರೆ ಊಟವಾದ ಮೇಲೆ ತಾಯ್ವೊನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೆಹಿಂದೆಯೋ, ಹೊತ್ತು ನೆತ್ತಿಗೇರುವ ತನಕ ಮಂಚ ಬಿಟ್ಟವನಲ್ಲ. ಹಾಗಾಗಿ ತಾಯಿಯ ಹೊಟ್ಟೆಯಲ್ಲಿ ಜಾಗ ಹಂಚಿಕೊಂಡ ಹಾಗೆಯೇ ಕುರ್ಚಿಯನ್ನೂ ಹಂಚಿಕೊಂಡರು. ಬೆಳಿಗ್ಗೆ ತಾಯ್ವೊ, ಊಟದ ನಂತರ ಕೆಹಿಂದೆ. ಕಚೇರಿ ಮುಚ್ಚಿದ ಮೇಲಿನ ಹೊತ್ತಿಗೆ ಅವರದೊಂದು ಫ್ಯಾನ್ ರಿಪೇರಿ ಅಂಗಡಿಯಿತ್ತು. ಕಚೇರಿಯ ಹಿಂದಿನ ಊಟದ ಗುಡಿಸಲಲ್ಲಿ, ಸೌದೆ ಒಟ್ಟಿದ ಮೂಲೆಯಲ್ಲಿ ನಿಂತು ತಾಯ್ವೊ ಎಂದು ಬರೆದ ಒಂದೇ ಬ್ಯಾಡ್ಜನ್ನು ಕೊರಳಿಂದ ಕೊರಳಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಇಬ್ಬರದೂ ಒಂದೇ ಮುಖ. ಅತ್ತೆ ಬಂದ ಮೇಲೂ ತೊಂದರೆಯಾಗಲಿಲ್ಲ. ಎರಡು ಕೈಗಳನ್ನೂ ನೋಡಿ ನೋಡಿ, ಒಬ್ಬನೇ ಮನುಷ್ಯ ಬೆಳಿಗ್ಗೆ ಹೀಗೆ, ಉಂಡ ಮೇಲೆ ಹಾಗೆ ಎಂದು ಅದು ತಿಳಿದುಕೊಂಡಿತು.

ಮಳೆ ಶುರುವಾದ ವಾರ ಕೆಹಿಂದೆಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ.

ಆ ಸೀಮೆಯಲ್ಲಿ ಅವಳಿಗಳಲ್ಲಿ ಒಬ್ಬ ಹೋದರೆ 'ಸತ್ತ' ಎಂಬ ಮಾತನ್ನು ಯಾರೂ ಆಡುವುದಿಲ್ಲ. ಆಡಿದರೆ ಉಳಿದವನನ್ನೂ ಕೂಗಿ ಕರೆದ ಹಾಗೆ. 'ಲಾಗೋಸಿಗೆ ಹೋಗಿದ್ದಾನೆ' ಎನ್ನುತ್ತಾರೆ. ತಾಯ್ವೊನ ತಾಯಿಯೂ ಹಾಗೇ ಅಂದಳು, ಅಕ್ಕಪಕ್ಕದವರೂ ಅಂದರು, ತಾಯ್ವೊ ತಾನೂ ಅಂದ. ಹಿಂದೆ ಬಂದವನು ಈ ಸಲ ಮುಂದೆ ಹೋಗಿಬಿಟ್ಟಿದ್ದ.

ತನಗೇ ಜ್ವರವೆಂದು ಕಚೇರಿಗೆ ರಜೆ ಹಾಕಿದ್ದ ತಾಯ್ವೊ ಇವತ್ತು ಮರಳಿ ಬಂದಿದ್ದ. ಬೆಳಗು ಸುಸೂತ್ರವಾಗಿ ಕಳೆಯಿತು. ಮಧ್ಯಾಹ್ನ ಹಿಂದಿನ ಗುಡಿಸಲಿಗೆ ಹೋದರೆ, ಊಟ ಬಡಿಸುವ ಈಯಾ ಸಿಕಿರಾತ್ (ಸಿಕಿರಾತಳ ತಾಯಿ ಎಂದೇ ಊರೆಲ್ಲ ಅವಳನ್ನು ಕರೆಯುವುದು) ಅಭ್ಯಾಸಬಲದಿಂದ ಎರಡು ತಟ್ಟೆ ಇಟ್ಟಳು. ಒಂದರಲ್ಲಿ ತಾಯ್ವೊನ ಅಮಲಾ ಮುದ್ದೆ, ಸೊಪ್ಪಿನ ಸಾರು. ಇನ್ನೊಂದರಲ್ಲಿ ಕೆಹಿಂದೆಯ ಬೇಯಿಸಿದ ಅಲಸಂದೆ. ದಿನವೂ ಅಣ್ಣತಮ್ಮಂದಿರಲ್ಲಿ ಯಾರು ಕಣ್ಣಿಗೆ ಬಿದ್ದರೂ ಅವಳು, "ಈಗ ಒಳಗಿರೋನು ಯಾರಪ್ಪಾ?" ಎಂದು ನಗುತ್ತಿದ್ದಳು. ಇವತ್ತೂ, "ಈಗ ಒಳಗಿ..." ಎನ್ನುತ್ತ ಸುತ್ತಿಕೊಂಡ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ತಾಯ್ವೊ ಬ್ಯಾಡ್ಜನ್ನು ಕೊರಳಲ್ಲೇ ಇಟ್ಟುಕೊಂಡು ಎದ್ದುಬಂದ. ಊಟದ ನಂತರ ಆ ಕಚೇರಿಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು.

"ಮಗಾ, ನಾನು ಬದುಕಿದ್ದೀನಿ ಅಂತ ಬೇಗ ಒತ್ತಿಬಿಡು. ಬಸ್ಸು ಹೊರಟುಹೋಗತ್ತೆ," ಎಂದರು ಎದುರಿಗೆ ಕೂತಿದ್ದ ಬಾಬಾ ಅಕಾಂಜಿ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಮುದುಕರು. ಪಿಂಚಣಿ ನಿಲ್ಲಬಾರದೆಂದರೆ ಆಗಾಗ ಖುದ್ದಾಗಿ ಬಂದು ಬದುಕಿರುವುದನ್ನು ತೋರಿಸಬೇಕು. ತೋರಿಸಿದವರ ಹೆಸರಿನ ಮುಂದೆ 'ಬದುಕಿದ್ದಾರೆ' ಎಂದು ಒತ್ತುವುದೇ ತಾಯ್ವೊನ ಕೆಲಸ.

"ನೀವು ಬದುಕಿರೋದು ಕಾಣ್ತಿದೆ ಬಾಬಾ. ನಾನು ನಾನಲ್ವಂತೆ, ಅದೇ ತೊಂದ್ರೆ."

"ಅದನ್ನ ನಾಳೆ ನೋಡ್ಕೊ. ಮೊದ್ಲು ನನ್ನದು ಒತ್ತು."

ಪಕ್ಕದ ಮೇಜಿನ ಮೊಜಿರಾದೆ ಕತ್ತು ಚಾಚಿದಳು. ಇಡೀ ಕಚೇರಿಯಲ್ಲಿ ಅವಳಿಗೆ ಗೊತ್ತಿಲ್ಲದ ಸುದ್ದಿ ಇಲ್ಲ. "ಏನಾಯ್ತು ತಾಯ್ವೊ? ಅತ್ತೆ ಮುನಿಸ್ಕೊಂಡ್ಲಾ?" ಎಂದವಳು ಪರದೆ ನೋಡಿ ನಾಲಿಗೆ ಕಚ್ಚಿಕೊಂಡಳು. "ಮತ್ತೆ ಹೀಗೆ ಮದುವೆಗಂಡಿನ ಥರ ನೆಟ್ಟಗೆ ಕೂತ್ರೆ ಇನ್ನೇನಾಗತ್ತೆ? ಊಟ ಆದ್ಮೇಲೆ ನೀನು ಹೀಗೆ ಕೂತ್ಕೊಳೋನಲ್ಲ. ಒರಗ್ಕೋ. ಎಡಗಾಲು ಅಲ್ಲಾಡಿಸ್ತಾ ಇರು."

"ನಾನು ಕಾಲು ಅಲ್ಲಾಡಿಸ್ತೀನಾ?"

"ಮೇಜೆಲ್ಲ ನಡುಗೋ ಹಾಗೆ!"

ತಾಯ್ವೊ ಒರಗಿದ. ಎಡಗಾಲು ಅಲ್ಲಾಡಿಸಿದ. ಅಭ್ಯಾಸವಿಲ್ಲದ ಕಾಲು ಮೇಜಿನ ಕೆಳಗಿನ ವೈರಿಗೆ ಸಿಕ್ಕಿಕೊಂಡು, ಪ್ಲಗ್ಗು ಕಿತ್ತು, ಆ ಸಾಲಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಆರಿದವು. ಸಾಲಿನುದ್ದಕ್ಕೂ ಶಾಪ ಎದ್ದಿತು. ಎಲ್ಲರೂ ತಮ್ಮ ತಮ್ಮ ಅತ್ತೆಗೆ ಮುಖ ತೋರಿಸಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ರಫಿಯು ಹೊಟ್ಟೆಯನ್ನು ಮುಂದಿಟ್ಟುಕೊಂಡು ಬಂದ. "ಅಯ್ಯೋ ಮಂಕೆ, ಕಾಲಲ್ಲಿಲ್ಲ ಗುಟ್ಟು, ಬಾಯಲ್ಲಿದೆ. ಊಟ ಆದ್ಮೇಲೆ ನಿನ್ನ ದವಡೇಲಿ ಯಾವಾಗ್ಲೂ ಕೋಲಾ ಬೀಜ ಇರ್ತಿತ್ತು. ಅದಿಲ್ದೆ ನಿನ್ನ ಕೈ ಓಡಲ್ಲ. ತಗೋ." ಎಂದು, ಅಲ್ಲಿನವರು ಅಡಿಕೆಯಂತೆ ಜಗಿಯುವ ಆ ಬೀಜವನ್ನು ಜೇಬಿನಿಂದ ತೆಗೆದು ಬಾಯಿಗೇ ತುರುಕಿದ. ಕಹಿಯೆಂದರೆ ಕಹಿ. ತಾಯ್ವೊನ ಕಣ್ಣಲ್ಲಿ ನೀರು ಬಂತು, ಮೂತಿ ಸೊಟ್ಟಗಾಯಿತು. 'ಮುಖ ಸರಿಯಾಗಿ ಕಾಣುತ್ತಿಲ್ಲ,' ಎಂದಿತು ಪರದೆ.

"ಅಲ್ಲಪ್ಪಾ," ಬಾಬಾ ಅಕಾಂಜಿ ಮುಂದಕ್ಕೆ ಬಾಗಿದರು. "ಹೋದ ಸಲ ನಾನು ಬಂದಾಗ ನೀನೊಂದು ಆಡಿನ ಕತೆ ಹೇಳ್ತಿದ್ದೆ. ಮಂತ್ರಿ ಕಾರೊಳಗೆ ಆಡು ಹತ್ಕೊಂಡು ಕೂತು, ಇಳಿಯಲ್ಲ ಅಂತ ಹಟ ಮಾಡ್ತು ಅನ್ನೋವರೆಗೂ ಹೇಳಿ, ಉಳಿದದ್ದು ಮುಂದಿನ ಸಲ, ಅದನ್ನ ಕೇಳಕ್ಕಾದ್ರೂ ಬದುಕಿರಿ ಬಾಬಾ ಅಂದೆ. ನಾನು ಬದುಕಿದ್ದೀನಿ. ಹೇಳು, ಆಮೇಲೆ ಏನಾಯ್ತು?"

ಆ ಆಡು ತಾಯ್ವೊಗೆ ಗೊತ್ತಿರಲಿಲ್ಲ. ಆ ಕತೆಯನ್ನು ಇವತ್ತಿನವರೆಗೆ ಕೇಳಿಯೇ ಇರಲಿಲ್ಲ. "ಆಮೇಲೆ... ಇಳೀತು ಬಾಬಾ," ಎಂದ.

"ಇಳೀತಾ? ಅಷ್ಟೇನಾ?" ಮುದುಕರ ಮುಖ ಜೋತುಬಿತ್ತು. "ಇದನ್ನ ಕೇಳಕ್ಕಾ ನಾನು ಇಷ್ಟು ದಿನ ಜೀವ ಹಿಡ್ಕೊಂಡಿದ್ದು?"

ಅಣ್ಣ ಈ ಕುರ್ಚಿಯಲ್ಲಿ ಹೇಗೆ ಕೂರುತ್ತಿದ್ದ, ಯಾರ ಜತೆ ಏನು ಮಾತಾಡುತ್ತಿದ್ದ ಎಂದು ತಾಯ್ವೊ ಒಮ್ಮೆಯೂ ಕಂಡವನಲ್ಲ. ಕಾಣುವಂತೆಯೇ ಇರಲಿಲ್ಲ. ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊರಗೆ. ಒಂದೇ ಹಾಸಿಗೆಯಲ್ಲಿ ಬೆಳೆದ ಅಣ್ಣನ ಅರ್ಧ ದಿನ ಈ ಜನರ ಹತ್ತಿರ ಉಳಿದುಕೊಂಡಿದೆ, ತನ್ನ ಹತ್ತಿರ ಇಲ್ಲ ಎಂದು ಈಗ ತಿಳಿದು ಅವನಿಗೆ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚಿಗೇ ಅಳುವೂ ಬಂತು.

"ಅಲ್ಪವಿರಾಮದ ಹತ್ರ ನಿಲ್ಲಬೇಡ ಮಾರಾಯ," ಮೊಜಿರಾದೆಯ ದನಿ ಮೆತ್ತಗಾಗಿತ್ತು. "ಅಲ್ಲಿ ಅವನು ನಿಲ್ತಾನೇ ಇರ್ಲಿಲ್ಲ. ಹೆಸರು, ಅಲ್ಪವಿರಾಮ, ಎರಡೂ ಒಂದೇ ಏಟಿಗೆ ಹೊಡೆದು, ಆಮೇಲೆ ಮೇಜಿಗೆ ಬೆರಳಲ್ಲಿ ಟಕ್ ಟಕ್ ಅನ್ನಿಸ್ತಿದ್ದ. ಡೋಲು ಬಾರಿಸೋ ಹಾಗೆ."

"ಅವನು?" ಎಂದ ತಾಯ್ವೊ.

ಮೊಜಿರಾದೆ ಬಾಯಿ ಮುಚ್ಚಿಕೊಂಡಳು. ರಫಿಯು ಚಾವಣಿ ನೋಡಿದ. ಬಾಬಾ ಅಕಾಂಜಿ ಊರುಗೋಲು ನೋಡಿದರು.

"ನಿಮಗೆಲ್ಲ ಗೊತ್ತಿತ್ತಾ?"

"ಅಯ್ಯೋ ತಾಯ್ವೊ," ಎಂದಳು ಮೊಜಿರಾದೆ. "ಕೊರಳಲ್ಲಿ ತಾಯ್ವೊ ಅಂತ ಬೋರ್ಡು ತಗಲಿಹಾಕ್ಕೊಂಡು ಓಡಾಡ್ತೀಯ. ಎಲ್ಲಾದ್ರೂ ಕೆಹಿಂದೆ ಇಲ್ದಿರೋ ತಾಯ್ವೊ ಇರ್ತಾನಾ? ನೀನು ಸೇರಿದ ದಿನಾನೇ ಗೊತ್ತಿತ್ತು. ಇದು ಗೊತ್ತಾಗ್ದೆ ಇರಕ್ಕೆ ನಾವೇನು ಪೋರ್ಟ್ ಹಾರ್ಕೋರ್ಟಿನಿಂದ ಬಂದವ್ರಾ?"

ರಫಿಯು ಸಮಾಧಾನ ಹೇಳಲು ಹೋದ. "ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾವೆಲ್ಲ ಊಟದ ನಂತರದ ತಾಯ್ವೊಗೇ ಕಾಯ್ತಿದ್ವಿ. ಬೆಳಗ್ಗಿನ ತಾಯ್ವೊನೂ ಒಳ್ಳೆಯವನೇ. ಆದ್ರೆ ಸ್ವಲ್ಪ ಸಪ್ಪೆ."

"ಗೊತ್ತು," ಎಂದ ತಾಯ್ವೊ. "ನಾನೂ ಅವನಿಗೇ ಕಾಯ್ತಿದ್ದೆ."

ಅಷ್ಟರಲ್ಲಿ ಹಳದಿ ಪರದೆ ಕಿತ್ತಳೆಗೆ ತಿರುಗಿತು. ಇನ್ನೊಂದು ಸಲ ತಪ್ಪಿದರೆ ಕೆಂಪು. ಕೆಂಪಾದರೆ ಮೇಲಿನ ಮಹಡಿಯ ಮದಾಂ ಇಬಿಸೊಗೆ ಗಂಟೆ ಬಾರಿಸುತ್ತದೆ. ಅತ್ತೆಯನ್ನು ನೋಡಿಕೊಳ್ಳಲೆಂದೇ ದೂರದ ಪೋರ್ಟ್ ಹಾರ್ಕೋರ್ಟಿನಿಂದ ಬಂದ, ಈ ಸೀಮೆಯ ರೂಢಿ ಗೊತ್ತಿಲ್ಲದ ಹೊಸ ಅಧಿಕಾರಿ ಆಕೆ. ಗುಟ್ಟು ಹೊರಬಿದ್ದರೆ ಕೆಲಸ ಹೋದಂತೆಯೇ. ಅಂಗಡಿ ಅಣ್ಣನ ಕೈಚಳಕದಿಂದ ನಡೆಯುತ್ತಿದ್ದದ್ದು, ಈಗ ಬಾಗಿಲು ಹಾಕಿದೆ. ಮನೆಯಲ್ಲಿ ತಾಯಿ ಇದ್ದಾಳೆ, ಅಣ್ಣನ ಹೆಂಡತಿ ಇದ್ದಾಳೆ, ಅವಳ ಮಡಿಲಲ್ಲಿ ಮಗುವಿದೆ. ಅಷ್ಟು ಜನಕ್ಕೂ ಉಳಿದಿರುವುದು ಈ ಒಂದು ಕುರ್ಚಿ.

"ಒಂದು ದಾರಿ ಇದೆ," ಎಂದ ರಫಿಯು. "ಎಷ್ಟೋ ಮಧ್ಯಾಹ್ನ ಅವನ ಬೆನ್ನ ಹಿಂದೆ ನಿಂತು ನೋಡಿದ್ದೀನಿ, ಆ ತಾಳ ನನ್ನ ಬೆರಳಲ್ಲಿದೆ. ಮುಖ ನಿನ್ನದು, ಕೈ ನನ್ನದು. ನಿನ್ನ ಕೈ ಬೆನ್ನ ಹಿಂದೆ ಕಟ್ಕೋ."

ಹೇಳಿ ಮುಗಿಸುವ ಮೊದಲೇ ತಾಯ್ವೊನ ಕುರ್ಚಿಯ ಹಿಂದೆ ಮೊಣಕಾಲೂರಿ, ಅವನ ಕಂಕುಳ ಕೆಳಗಿನಿಂದ ತನ್ನ ದಪ್ಪ ತೋಳುಗಳನ್ನು ತೂರಿಸಿದ. ಮೊಜಿರಾದೆ ತನ್ನ ತಲೆವಸ್ತ್ರ ಬಿಚ್ಚಿ ಆ ತೋಳುಗಳ ಮೇಲೆ ಮುಚ್ಚಿದಳು. ರಫಿಯುಗೆ ಕೀಲಿಗಳು ಕಾಣುತ್ತಿರಲಿಲ್ಲ. "ಎಡಕ್ಕೆ, ಇನ್ನೂ ಎಡಕ್ಕೆ," ಎಂದು ಬಾಬಾ ಅಕಾಂಜಿ ಊರುಗೋಲಿನಿಂದ ದಾರಿ ತೋರಿಸತೊಡಗಿದರು. ರಫಿಯು ಅಕಾಂಜಿಯ ಹೆಸರು ಹೊಡೆದ, ನಿಲ್ಲದೆ ಅಲ್ಪವಿರಾಮವನ್ನೂ ಹೊಡೆದ, ಮೇಜಿಗೆ ಟಕ್ ಟಕ್ ಅನ್ನಿಸಿದ. ಪರದೆ ಒಂದು ಗಳಿಗೆ ಯೋಚಿಸಿತು. ತಾಯ್ವೊ ಉಸಿರು ಹಿಡಿದ. ಅಷ್ಟರಲ್ಲಿ ರಫಿಯುನ ಬೆರಳು ಅವನ ಪಕ್ಕೆಗೆ ತಾಗಿ ಕಚಗುಳಿಯಾಯಿತು. ಅಣ್ಣ ಹೋದ ಮೇಲೆ ತಾಯ್ವೊ ಮೊದಲ ಸಲ ಕಿರುಚಿ ನಕ್ಕ. ಪರದೆ ರಕ್ತದಂತೆ ಕೆಂಪಾಯಿತು.

ಮದಾಂ ಇಬಿಸೊ ಬಂದಾಗ ಕಂಡದ್ದು, ತಲೆವಸ್ತ್ರ ಹೊದ್ದು, ನಾಲ್ಕು ಕೈಗಳಿದ್ದು, ಅಳುತ್ತ ನಗುತ್ತಿದ್ದ ಒಬ್ಬ ನೌಕರ.

"ಎಲ್ಲರೂ ಜಾಗಕ್ಕೆ ಹೋಗಿ," ಎಂದರು. ಯಾರೂ ಹೋಗಲಿಲ್ಲ. ಆಕೆ ಕೆಟ್ಟವರಲ್ಲ. ಮೊದಲು ತಮ್ಮದೇ ಮುಖ ತೋರಿಸಿ, ಬಾಬಾ ಅಕಾಂಜಿಯ ಹೆಸರಿನ ಮುಂದೆ 'ಬದುಕಿದ್ದಾರೆ' ಎಂದು ಒತ್ತಿದರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ತಾಯ್ವೊನ ಪಕ್ಕ ಕೂತು, ಅತ್ತೆ ಇಷ್ಟು ದಿನ ಕಲಿತದ್ದನ್ನೆಲ್ಲ ಪರದೆಯ ಮೇಲೆ ಹರಡಿದರು. ಎರಡು ಬಣ್ಣದ ಗೆರೆಗಳು. ಒಂದು ಸಣ್ಣದು, ಹೆಜ್ಜೆ ಎಣಿಸಿಕೊಂಡು ನಡೆಯುವಂಥದು. ಇನ್ನೊಂದು ಕುಣಿಯುತ್ತ ಹೋಗುವುದು, ಪ್ರತಿ ಅಲ್ಪವಿರಾಮದ ಮೇಲೂ ಒಂದು ನೆಗೆತ. ತಾಯ್ವೊ ಆ ಎರಡನೆಯ ಗೆರೆಯಿಂದ ಕಣ್ಣು ಕೀಳಲಿಲ್ಲ. ಅಣ್ಣನ ಕೈಯನ್ನು ಅವನು ಮತ್ತೆ ನೋಡುತ್ತಿದ್ದ.

"ನೋಡಿ ಮಿಸ್ಟರ್ ತಾಯ್ವೊ. ಮನುಷ್ಯನ ಕೈ ಬದಲಾಗತ್ತೆ. ಕಾಯಿಲೆಯಿಂದ ಎದ್ದು ಬಂದಿದ್ದೀರ, ನನಗೆ ಅರ್ಥ ಆಗತ್ತೆ. ಈ ಗೆರೆ ಅಳಿಸಿ, ಇವತ್ತಿನ ನಿಮ್ಮ ಕೈನೇ ಅದಕ್ಕೆ ಕಲಿಸಿಬಿಡಬಹುದು. ಒಂದು ಗುಂಡಿ ಒತ್ತಿದ್ರೆ ಆಯ್ತು. ಆದ್ರೆ ನಿಯಮ ಒಂದಿದೆ, ನೀವು ಬಾಯಿಬಿಟ್ಟು ಹೇಳಬೇಕು: ಈ ಕೈ ಇನ್ನು ಯಾವತ್ತೂ ಬರಲ್ಲ, ಅಂತ. ಅಷ್ಟೇ. ಹೇಳಿ."

ಮೊಜಿರಾದೆ ತಾಯ್ವೊನ ಬೆನ್ನನ್ನು ಮೆಲ್ಲಗೆ ತಿವಿದಳು. ರಫಿಯು ಹುಬ್ಬು ಹಾರಿಸಿದ. ಹೇಳಿಬಿಡು, ಕೆಲಸ ಉಳಿಯುತ್ತದೆ ಎಂಬಂತೆ ಎಲ್ಲರ ಕಣ್ಣೂ ಅವನ ಬಾಯಿಯ ಮೇಲಿತ್ತು. ತಾಯ್ವೊ ತಾಯಿಯನ್ನು ನೆನೆದ, ಅತ್ತಿಗೆಯ ಮಡಿಲಿನ ಮಗುವನ್ನು ನೆನೆದ. ನಾಲಿಗೆ ಎತ್ತಿದ. ಪರದೆಯ ಮೇಲೆ ಅಣ್ಣ ಇನ್ನೂ ಕುಣಿಯುತ್ತಲೇ ಇದ್ದ.

"ಬರ್ತಾನೆ," ಎಂದ.

"ಏನಂದ್ರಿ?"

"ಆ ಕೈಯವನು. ಬರ್ತಾನೆ ಮದಾಂ."

ಮದಾಂ ಇಬಿಸೊ ಕನ್ನಡಕ ತೆಗೆದರು. "ಅಂದ್ರೆ ನೀವು ಇಬ್ಬರು."

"ಹೌದು."

ಆಕೆ ಬಹಳ ಹೊತ್ತು ಗೆರೆಗಳನ್ನು ನೋಡಿದರು. ಆಮೇಲೆ ನಿಟ್ಟುಸಿರಿಟ್ಟು ಅಂದರು. "ಹಾಗಿದ್ರೆ ಒಬ್ಬ ಅಸಲಿ ತಾಯ್ವೊ, ಇನ್ನೊಬ್ಬ ನಕಲಿ. ಇಲ್ಲಿ ನೋಡಿ. ಕೆಲಸದಲ್ಲಿ ಹೆಚ್ಚಿನ ಪಾಲು ಮಧ್ಯಾಹ್ನದ ಕೈಯದು. ಸಂಜೆ ತಡವಾಗಿ ಬಂದ ಮುದುಕರನ್ನೂ ಅದೇ ಕೈ ಕೂತು ಒತ್ತಿ ಕಳಿಸಿದೆ. ಯಂತ್ರ ಅದನ್ನೇ ಅಸಲಿ ತಾಯ್ವೊನ ಕೈ ಅನ್ನತ್ತೆ. ಬೆಳಿಗ್ಗೆ ಬರ್ತಿದ್ದವರೇ ಬೇರೆಯವರು. ನಾನು ಯಂತ್ರ ಹೇಳಿದ್ದನ್ನೇ ನಂಬಬೇಕು, ಅದಕ್ಕೇ ನನಗೆ ಸಂಬಳ. ಈಗ ಹೇಳಿ, ನೀವು ಯಾರು?"

ತಾಯ್ವೊ ಕೊರಳಿನ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟ. ಅಣ್ಣನಿಗೆ ದಿನವೂ ಕೊಡುತ್ತಿದ್ದ ಹಾಗೆಯೇ, ದಾರವನ್ನು ಸುತ್ತಿ.

"ನಾನು ಕೆಹಿಂದೆ," ಎಂದ.

ಮೊಜಿರಾದೆಯ ಕೈಯಿಂದ ತಲೆವಸ್ತ್ರ ಜಾರಿತು.

"ಮತ್ತೆ ತಾಯ್ವೊ ಎಲ್ಲಿ?"

"ಲಾಗೋಸಿಗೆ ಹೋಗಿದ್ದಾನೆ."

ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಬದುಕಿರುವವನು ತನ್ನ ಬಾಯಿಂದಲೇ ತನ್ನನ್ನು ಲಾಗೋಸಿಗೆ ಕಳಿಸಿದ್ದನ್ನು ಆ ಊರಿನ ಯಾರೂ ಅದುವರೆಗೆ ಕೇಳಿರಲಿಲ್ಲ. ರಫಿಯು ಗೋಡೆಯ ಕಡೆ ತಿರುಗಿ ನಿಂತ, ಅವನ ಭುಜ ಅಲುಗುತ್ತಿತ್ತು.

ಮದಾಂ ಇಬಿಸೊ ಒಬ್ಬರ ಮುಖ ಮಾತ್ರ ಹಗುರಾಯಿತು. "ಲಾಗೋಸಾ? ಇಷ್ಟೇನಾ? ಬೆಳಿಗ್ಗೆ ಬಸ್ಸು ಹತ್ತಿದ್ರೆ ಮಧ್ಯಾಹ್ನದ ಒಳಗೆ ಇಲ್ಲಿರ್ತಾರೆ! ನಿಮ್ಮನ್ನ ನಾನು ಇಟ್ಕೊಳಕ್ಕೆ ಆಗಲ್ಲ, ಆದ್ರೆ ಅವರ ಕೆಲಸಕ್ಕೆ ನಾನು ಕೈ ಹಾಕಲ್ಲ. ಅಷ್ಟು ಒಳ್ಳೆ ಕೆಲಸಗಾರ. ನಿಧಾನವಾಗಿ ಬರಲಿ, ಕುರ್ಚಿ ಅವರಿಗೇ ಇರತ್ತೆ." ಎಂದು ಪರದೆಯ ಮೇಲೆ ಏನೋ ಒತ್ತಿದರು. 'ತಾಯ್ವೊ: ಕೆಲಸದಲ್ಲಿದ್ದಾರೆ. ಸದ್ಯ ಊರಲ್ಲಿಲ್ಲ.' ಪರದೆ ಹಸಿರಾಯಿತು.

ಕೆಲಸದವನಲ್ಲದವನು ಗೇಟು ದಾಟಲು ಭೇಟಿಗೆ ಬಂದವರ ಚೀಟಿ ಬೇಕು. ಮದಾಂ ತಾವೇ ಬರೆದು ಅವನ ಅಂಗಿಗೆ ಸಿಕ್ಕಿಸಿದರು: ಕೆಹಿಂದೆ. ಆ ಕಚೇರಿಯಲ್ಲಿ ಆ ಹೆಸರನ್ನು ಬರೆದದ್ದು ಅದೇ ಮೊದಲು.

ಮೆಟ್ಟಿಲ ಬಳಿ ಬಾಬಾ ಅಕಾಂಜಿ ಕಾಯುತ್ತಿದ್ದರು. ಬಸ್ಸು ಎಂದೋ ಹೋಗಿತ್ತು. ತಾಯ್ವೊನ ಕೈಯನ್ನು ತಮ್ಮ ಒರಟು ಅಂಗೈಗಳ ನಡುವೆ ಹಿಡಿದುಕೊಂಡರು. "ಲಾಗೋಸು ದೂರದ ಊರು ಮಗಾ. ನಾನೂ ಇನ್ನೇನು ಹೊರಡೋನೇ. ಆಡಿನ ಕತೆ ಅಲ್ಲೇ ಕೇಳ್ಕೋತೀನಿ ಬಿಡು," ಎಂದು ಊರುಗೋಲು ಊರಿಕೊಂಡು ಹೋದರು.

ತಾಯ್ವೊ ಹಿಂದಿನ ಗುಡಿಸಲಿಗೆ ಬಂದ. ಒಲೆ ಆರಿತ್ತು. ಅಲಸಂದೆಯ ತಟ್ಟೆಯನ್ನು ಈಯಾ ಸಿಕಿರಾತ್ ಚೆಲ್ಲದೆ ಮುಚ್ಚಿಟ್ಟಿದ್ದಳು. ಅವನ ಬರಿಗೊರಳನ್ನೂ ಅಂಗಿಯ ಮೇಲಿನ ಚೀಟಿಯನ್ನೂ ನೋಡುತ್ತ ಅವಳು ತಟ್ಟೆಯ ಮುಚ್ಚಳ ತೆಗೆದಳು. ಅವನು ಬೆಂಚಿನ ಮೇಲೆ ಕೂತು ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಕೇಳು ಈಯಾ," ಎಂದ. "ದಿನಾ ಕೇಳ್ತಿದ್ದೆಯಲ್ಲ, ಇವತ್ತೂ ಕೇಳು."

ಅವಳು ಬಟ್ಟೆಯ ತುದಿಯಲ್ಲಿ ಮೂಗು ಒರೆಸಿಕೊಂಡಳು. "ಈಗ ಒಳಗಿರೋನು ಯಾರಪ್ಪಾ?"

"ಅಣ್ಣ ಇದ್ದಾನೆ," ಎಂದು ತಾಯ್ವೊ ಅಲಸಂದೆಗೆ ಕೈ ಹಾಕಿದ.